ಪಂಡಿತರ ಪೇಟಿಯ ಒಳಗಿನ ಹೆಸರು

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಹೋದ ವಾರ ಫೋನ್ ಮಾಡಿ ಒಂದೇ ವಿಷಯ ಕೇಳಿದಳು. ವಾದ್ಯದ ಕೋಣೆಯ ಹಿತ್ತಾಳೆ ಫಲಕಗಳು ಕಪ್ಪಾಗಿವೆ, ಯಾವುದರಿಂದ ತೊಳೆಯಬೇಕು ಎಂದು. ಒಂದು ಸಾಲಿನ ಉತ್ತರ. ಹೇಳಲು ಹೋಗಿ ತಡೆದೆ. ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತ ಮೇಲೆ ಅದು ಒಂದು ಸಾಲಿನಲ್ಲಿ ಮುಗಿಯುವುದಲ್ಲ ಎಂದು ಗೊತ್ತಾಯಿತು. ಈ ಕೆಲಸಕ್ಕೆ ಮುಂದೆ ಬರುವ ಬೇರೆಯವರಿಗೂ ಉಪಯೋಗವಾದೀತು ಎಂದು ಪೂರ್ತಿ ಬರೆಯುತ್ತಿದ್ದೇನೆ.

ಕಲಬುರಗಿಯ ಒಂದು ಸಂಗೀತ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ವಾದ್ಯಗಳ ದುರಸ್ತಿ ಮತ್ತು ಶ್ರುತಿಯ ಕೆಲಸ ಮಾಡಿದೆ. ಹೆಚ್ಚಾಗಿ ಪೇಟಿ, ಅಂದರೆ ಹಾರ್ಮೋನಿಯಂ. ಮೂವತ್ತನಾಲ್ಕಕ್ಕೆ ಯಾರೂ ನಿವೃತ್ತರಾಗುವುದಿಲ್ಲ, ಗೊತ್ತು. ಆದರೆ ಎಡಗಿವಿಯಲ್ಲಿ ಹಗಲೂ ರಾತ್ರಿ ಒಂದು ತೆಳುವಾದ ಸೀಟಿ ಕೇಳತೊಡಗಿ, ಮೇಲಿನ ಸಪ್ತಕದ ಸ್ವರಗಳು ಅದರಲ್ಲಿ ಮುಳುಗಿಹೋದ ಮೇಲೆ ಈ ಕೆಲಸದಲ್ಲಿ ಉಳಿಯುವುದು ವಾದ್ಯಗಳಿಗೆ ಮಾಡುವ ಅನ್ಯಾಯ. ರಾಜೀನಾಮೆ ಕೊಟ್ಟೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ನಾನು ಓದಿದ್ದು ಭೌತಶಾಸ್ತ್ರ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಧ್ವನಿಯ ಕಂಪನಗಳನ್ನು ಅಳೆದವಳಿಗೆ ಪೇಟಿಯ ರೀಡು, ಗಾಳಿಗೆ ನಡುಗಿ ಸ್ವರ ಕೊಡುವ ಆ ಹಿತ್ತಾಳೆಯ ಪಟ್ಟಿ, ದೊಡ್ಡ ವಿಷಯವಲ್ಲ ಎಂದುಕೊಂಡೇ ಕೆಲಸಕ್ಕೆ ಸೇರಿದೆ. ಕೆಲಸ ಕಲಿಸಿದವರು ಊರಿನ ರೋಜಾ ಬಡಾವಣೆಯ ಓಣಿಯೊಂದರಲ್ಲಿ ಅಂಗಡಿಯಿದ್ದ ಇಸ್ಮಾಯಿಲ್ ಚಾಚಾ. ಅಲ್ಲಿನ ದರ್ಗಾಕ್ಕೆ ಬರುವ ಕವ್ವಾಲಿ ಮೇಳಗಳ ಪೇಟಿಗಳೆಲ್ಲ ಅವರ ಕೈದಾಟಿಯೇ ಹೋಗುತ್ತಿದ್ದವು. ಶಾಲೆಯವರು ನನ್ನನ್ನು ಆರು ತಿಂಗಳು ಅವರ ಬಳಿ ಕಳಿಸಿದರು. ಮೊದಲ ತಿಂಗಳು ಅವರು ನನ್ನ ಕೈಗೆ ಚೂರಿ ಕೊಡಲೇ ಇಲ್ಲ.

"ನೋಡು ಬೇಟಿ, ರೀಡಿನ ತುದಿ ಕೆರೆದ್ರ ಸ್ವರ ಏರ್ತದ. ಬುಡ ಕೆರೆದ್ರ ಇಳೀತದ. ಏರಿಸ್ಲಿ, ಇಳಿಸ್ಲಿ, ಹಿತ್ತಾಳಿ ಮಾತ್ರ ಕಮ್ಮಿ ಆಗ್ಕೋತ ಹೋಗ್ತದ. ಹೋದದ್ದು ವಾಪಸ್ ಬರಂಗಿಲ್ಲ."

ಇನ್ನೊಂದು ಮಾತನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. "ಒಂದು ಸ್ವರ ತಪ್ಪಿ ಕೇಳ್ತದ ಅಂದ್ರ ಮೊದಲ ಮಾಲಕರಿಗಿ ಕೇಳು. ಇದು ಹಿಂಗ್ಯಾಕ ಅದ ಅಂತ ಕೇಳು. ಆಮ್ಯಾಗ ಚೂರಿ ತಗೋ."

ಅವರು ತೋರಿಸಿದ ಒಂದು ರೂಢಿಯನ್ನೂ ಇಲ್ಲಿ ಹೇಳಬೇಕು. ಬೆರಳು ಊರುವ ಕರಿ, ಬಿಳಿ ಮನೆಗಳನ್ನು ಎತ್ತಿದರೆ ಪೇಟಿಯೊಳಗೆ ಒಂದು ಹಲಗೆ ಕಾಣುತ್ತದೆ. ದುರಸ್ತಿ ಮಾಡಿದವರು ಅದರ ಮೇಲೆ ಪೆನ್ಸಿಲ್ಲಿನಲ್ಲಿ ತಮ್ಮ ಹೆಸರು, ಊರು, ಮಾಡಿದ ಕೆಲಸ ಬರೆಯುತ್ತಾರೆ. ಅದು ಬಾರಿಸುವವರಿಗೂ ಕಾಣುವುದಿಲ್ಲ, ಕೇಳುವವರಿಗೂ ಕಾಣುವುದಿಲ್ಲ. ಮುಂದೆ ಪೇಟಿ ಬಿಚ್ಚುವವರಿಗೆ ಮಾತ್ರ. ಹಳೆಯ ಪೇಟಿಯಾದರೆ ಐದಾರು ಕೈಬರಹ, ಮೂರು ಲಿಪಿ. ಚಾಚಾ ತಮ್ಮ ಹೆಸರನ್ನು ಉರ್ದುವಿನಲ್ಲಿ ಬರೆದು ಕೆಳಗೆ ಕನ್ನಡದಲ್ಲಿ ಕೆಲಸ ಬರೆಯುತ್ತಿದ್ದರು. ಹಲಗೆ ಎಷ್ಟೇ ಹೊಲಸಾಗಿದ್ದರೂ ಅವರು ಅದಕ್ಕೆ ಬಟ್ಟೆ ಹಾಕಿದ್ದನ್ನು ನಾನು ನೋಡಿಲ್ಲ.

ನಾನು ಬಂದ ಮೂರನೆಯ ವರ್ಷ ಚಾಚಾ ತೀರಿಕೊಂಡರು. ಅಷ್ಟರಲ್ಲಿ ಕೆಲಸದ ಕ್ರಮವೂ ಬದಲಾಗಿತ್ತು. ಅವರು ತಂಬೂರಿ ಮೀಟಿ, ಕಣ್ಣು ಮುಚ್ಚಿ ಸ್ವರ ಕೂಡಿಸುತ್ತಿದ್ದರು. ನಾನು ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇಟ್ಟುಕೊಂಡೆ. ಮುಳ್ಳು ನಡುವೆ ನಿಂತರೆ ಸ್ವರ ಸರಿ, ಪಕ್ಕಕ್ಕೆ ಹೋದರೆ ತಪ್ಪು. ಎರಡು ದಿನದ ಕೆಲಸ ಎರಡು ತಾಸಿಗೆ ಬಂತು. ಮಾಲಕರನ್ನು ಕೇಳುವ ಅಗತ್ಯವೂ ಮೆಲ್ಲಗೆ ತಪ್ಪಿಹೋಯಿತು. ತಪ್ಪಿಹೋದದ್ದು ನನ್ನ ಗಮನಕ್ಕೆ ಬರಲಿಲ್ಲ.

ಇನ್ನು ಫಲಕಗಳ ವಿಷಯ. ನಮ್ಮ ಪ್ರಾಂಶುಪಾಲರು ದೇಶಪಾಂಡೆ ಸರ್. ವಾದ್ಯಗಳಿಗೆ ಪ್ರಸಿದ್ಧ ಕಲಾವಿದರ ಹೆಸರಿಟ್ಟು ಹಿತ್ತಾಳೆಯ ಫಲಕ ಹಾಕಬೇಕು ಎನ್ನುವುದು ಅವರ ಆಲೋಚನೆ. ಅವರನ್ನು ದೂರುವುದು ಸುಲಭ, ಆದರೆ ಆಗ ನಾನೂ ಒಪ್ಪಿದ್ದೆ. ಹೆಸರುಗಳ ಕಾಗುಣಿತ ತಪ್ಪದಂತೆ ಪಟ್ಟಿ ಮಾಡಿಕೊಟ್ಟವಳೂ ನಾನೇ. ಅದಕ್ಕೆ ಮೊದಲು ವಿದ್ಯಾರ್ಥಿಗಳು ತಬಲಾದ ಮೇಲೆ ಊಟದ ಡಬ್ಬಿ ಇಡುತ್ತಿದ್ದರು, ತಂಬೂರಿಯ ಕೊರಳು ಹಿಡಿದು ಎಳೆದಾಡುತ್ತಿದ್ದರು. ಫಲಕ ಬಂದ ಮೇಲೆ ಕೈತೊಳೆದು ಬರತೊಡಗಿದರು. ಇದು ನಿಜ, ಇದನ್ನು ಬಿಟ್ಟು ಬರೆದರೆ ನ್ಯಾಯವಲ್ಲ.

ಆದರೆ ಬೇರೊಂದು ಸಂಗತಿಯೂ ನಡೆಯಿತು. ಆ ಹೆಸರಿನವರಲ್ಲಿ ಒಬ್ಬರೂ ಆ ವಾದ್ಯಗಳನ್ನು ಮುಟ್ಟಿದವರಲ್ಲ, ಒಬ್ಬರಂತೂ ಕಲಬುರಗಿಗೇ ಬಂದವರಲ್ಲ. ಒಂದು ವರ್ಷ ಕಳೆಯುವುದರೊಳಗೆ ವಿದ್ಯಾರ್ಥಿಗಳು ಅದನ್ನು ಮರೆತರು. ಅವರವೇ ವಾದ್ಯಗಳು ಎಂದು ನಂಬಿದರು. ತಬಲಾ ಕಲಿಯುತ್ತಿದ್ದ ಹುಡುಗಿಯೊಬ್ಬಳು, "ನಾ ದಿನಾ ದೊಡ್ಡವ್ರ ಬೆನ್ನ ಮ್ಯಾಲೆ ಬಡೀಲಾಕತ್ತೀನ್ರಿ, ಪಾಪ ಹತ್ತಿದ್ರ ನೀವs ಜವಾಬ್ದಾರಿ" ಎಂದು ನಗಿಸುತ್ತಿದ್ದಳು. ಎಲ್ಲಕ್ಕಿಂತ ಚೆನ್ನಾಗಿದ್ದ ತಂಬೂರಿಗೆ ಎಲ್ಲಕ್ಕಿಂತ ದೊಡ್ಡ ಹೆಸರು ಬಿದ್ದದ್ದರಿಂದ ಅದನ್ನು ಯಾರೂ ಇಳಿಸಲೇ ಇಲ್ಲ. "ಅದು ಬ್ಯಾಡ, ದೊಡ್ಡವ್ರದು" ಎಂದು ಶಿಕ್ಷಕರೇ ಹೇಳುತ್ತಿದ್ದರು. ಎರಡನೆಯ ಬೇಸಿಗೆಯಲ್ಲಿ ಅದರ ಬುರುಡೆ ನಿಂತಲ್ಲೇ ಸೀಳಿತು. ನುಡಿಸುತ್ತಿದ್ದರೆ ಯಾರಾದರೂ ಮೊದಲೇ ಬಿರುಕು ಕಾಣುತ್ತಿದ್ದರು.

ಇದೆಲ್ಲ ನಡೆದಿರುವಾಗ ಒಂದು ಶನಿವಾರ ಕಮಲಾಪುರದಿಂದ ಶರಣಪ್ಪ ಎನ್ನುವವರು ಬಂದರು. ಹೊರಗಿನವರ ವಾದ್ಯಗಳನ್ನು ನಾವು ಶನಿವಾರ ತೆಗೆದುಕೊಳ್ಳುತ್ತಿದ್ದೆವು. ಎಪ್ಪತ್ತು ದಾಟಿದವರು. ಕೌದಿಯಲ್ಲಿ ಸುತ್ತಿದ ಪೇಟಿ ಒಂದು ಕೈಯಲ್ಲಿ, ಕೆಂಪು ಬಾಳೆಹಣ್ಣಿನ ಚೀಲ ಇನ್ನೊಂದು ಕೈಯಲ್ಲಿ.

"ಪೇಟಿ ಮಾಡೋರು ಯಾರ್ರಿ ತಂಗಿ?"

"ನಾನೇರಿ."

ಅವರು ನನ್ನನ್ನು ಒಮ್ಮೆ ನೋಡಿ, "ಆಗ್ಲಿ. ಇದು ಹೆಣ್ಣ ಕೈಯಾಗs ಬೆಳದ ಪೇಟಿ ಅದ" ಎಂದರು.

ಅದು ಅವರ ಅಕ್ಕ ಚಂದ್ರಮ್ಮನದು. ಆಕೆ ಹರೆಯದಿಂದ ಮುಪ್ಪಿನವರೆಗೆ ನಾಟಕ ಕಂಪನಿಗಳಲ್ಲಿ ಪೇಟಿ ಬಾರಿಸಿಕೊಂಡು ಹಾಡಿದವಳು. ಈಗ ಕಣ್ಣು ಹೋಗಿವೆ, ಎಡಗಡೆ ಲಕ್ವಾ ಹೊಡೆದಿದೆ, ಮಾತು ಕಡಿಮೆ. ಪೇಟಿಯ ತಿದಿಯನ್ನು ಇಲಿ ತಿಂದು ಗಾಳಿ ನಿಲ್ಲುತ್ತಿರಲಿಲ್ಲ.

"ಸಾಯೂದ್ರಾಗ ಒಮ್ಮೆ ಆಕಿಗಿ ಆಕಿ ಪೇಟಿ ಕೇಳಿಸ್ಬೇಕ್ರಿ. ನನಗೇನೂ ತಿಳಿಯಂಗಿಲ್ಲ. ನಂದು ಹಿಟ್ಟಿನ ಗಿರಣಿ ಅದ, ಕಿವಿ ಎಂದೋ ಹಿಟ್ಟಾಗ್ಯಾವ. ಆಕಿಗಿ ತಿಳೀತದ." ಹೋಗುವ ಮುನ್ನ ಹೆಮ್ಮೆಯಿಂದ ಇನ್ನೊಂದು ಮಾತು ಸೇರಿಸಿದರು. "ದೊಡ್ಡ ಪಂಡಿತರು ಇದನ್ನ ಬಾರಿಸ್ಯಾರ್ರಿ. ಕಲಬುರಗ್ಯಾಗ ಅವರ ಕಛೇರಿ ಇತ್ತು, ಅವರ ಪೇಟಿ ರೈಲಿನ್ಯಾಗ ಉಳೀತು. ಅಕ್ಕ ತಂದು ಕೊಟ್ಲು."

ಅವರು ಹೇಳಿದ ಪಂಡಿತರ ಹೆಸರನ್ನು ಪೇಟಿ ಬಾರಿಸುವ ಎಲ್ಲರೂ ಬಲ್ಲರು. ಬಾಗಿಲಲ್ಲಿ ನಿಂತಿದ್ದ ದೇಶಪಾಂಡೆ ಸರ್ ಒಳಗೆ ಬಂದು ಶರಣಪ್ಪನವರಿಗೆ ಕುರ್ಚಿ ಕೊಟ್ಟರು. ನಮ್ಮಲ್ಲಿದ್ದ ಹೆಸರುಗಳೆಲ್ಲ ಬರಿಯ ಹೆಸರುಗಳು; ಇದು ಆ ಕೈ ನಿಜವಾಗಿ ಆಡಿದ ವಾದ್ಯ. ಇದನ್ನು ಶಾಲೆಗೆ ಕೊಡಿ, ಪಂಡಿತರ ಹೆಸರಿನಲ್ಲಿ ಕಾಪಾಡುತ್ತೇವೆ, ಬದಲಿಗೆ ಹೊಸ ಪೇಟಿ ಕೊಡುತ್ತೇವೆ ಎಂದರು.

"ಹೊಸಾದು ತಗೊಂಡು ಏನ್ಮಾಡ್ಲಿರಿ? ಆಕಿಗಿ ಆಕೀದು ಬೇಕು," ಎಂದು ಶರಣಪ್ಪ ಕೈಮುಗಿದರು.

ತಿದಿ ಸರಿಪಡಿಸಲು ಹತ್ತು ದಿನ ಹಿಡಿಯಿತು. ಆಮೇಲೆ ರೀಡುಗಳು. ಒಂದೇ ಸಾಲು ರೀಡಿನ ಹಳೆಯ ಪೇಟಿ, ವರ್ಷಗಟ್ಟಲೆ ಗೋಡೆಯ ಮಾಡಿನಲ್ಲಿ ಬಿದ್ದಿದ್ದರೂ ಸ್ವರಗಳು ಆಶ್ಚರ್ಯವೆನಿಸುವಷ್ಟು ನೆಟ್ಟಗಿದ್ದವು. ನಡುವಿನ ಸಪ್ತಕದ ಕೋಮಲ ಗಂಧಾರ ಒಂದು ಮಾತ್ರ ಇಳಿದಿತ್ತು. ಮುಳ್ಳು ಬಹಳವೇ ಎಡಕ್ಕೆ ಹೋಯಿತು. ಒಳಗಿನ ಹಲಗೆಯ ಮೇಲೆ ಮೂರು ಹೆಸರುಗಳಿದ್ದವು, ಎಲ್ಲಕ್ಕೂ ಕೆಳಗೆ 'ಚಂದ್ರಮ್ಮ, ಕಮಲಾಪುರ' ಎಂದಿತ್ತು. ಅದರ ಕೆಳಗೆ ಇನ್ನೇನೋ ಮಸುಕಾಗಿ ಕಂಡಿತು. ದೀಪ ಹತ್ತಿರ ತರಲಿಲ್ಲ. ಮಾಲಕರು ಬರೆದುಕೊಂಡ ಹೆಸರು, ದುರಸ್ತಿಯದಲ್ಲ ಎಂದು ಮುಂದೆ ಹೋದೆ.

ರೀಡಿನ ತುದಿ ಕೆರೆದೆ. ಮುಳ್ಳು ನಡುವೆ ಬಂದು ನಿಂತಿತು. ನನ್ನ ನೋಂದಣಿ ಪುಸ್ತಕದಲ್ಲಿ ಪ್ರತಿ ರೀಡಿನ ಮೊದಲಿನ ಅಳತೆ ಮತ್ತು ನಂತರದ ಅಳತೆ ಎರಡನ್ನೂ ಬರೆಯುವುದು ನನ್ನ ಅಭ್ಯಾಸ. ಆ ದಿನ ಬರೆದದ್ದು ಇಷ್ಟೇ: 'ಕೋಮಲ ಗಂಧಾರ ಇಳಿದಿತ್ತು. ಸರಿಪಡಿಸಲಾಯಿತು.' ಎಷ್ಟು ಇಳಿದಿತ್ತು ಎಂಬುದನ್ನು ಏಕೆ ಬರೆಯಲಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ಒಪ್ಪುವಂಥ ಕಾರಣ ಸಿಕ್ಕಿಲ್ಲ. ತಪ್ಪು ಸ್ವರದ ಅಳತೆ ಯಾರಿಗೆ ಬೇಕು ಎಂದು ಅನಿಸಿರಬೇಕು.

ಶರಣಪ್ಪ ಬಂದು ಪೇಟಿ ಒಯ್ದರು. ಮೂರನೆಯ ದಿನ ಅವರ ಫೋನ್ ಬಂತು. ಧ್ವನಿ ಬದಲಾಗಿತ್ತು.

"ತಂಗಿ, ಅಕ್ಕ ಇದು ನಂದಲ್ಲ ಅನ್ಲಾಕತ್ತಾಳ. ಎರಡು ದಿನ ಆತು ಉಂಡಿಲ್ಲ. ನಂದು ಎಲ್ಲಿಟ್ಟಿ, ಯಾರಿಗಿ ಮಾರಿದಿ ಅಂತ ನನಗs ಬೈಲಾಕತ್ತಾಳ."

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಚೀಲದಲ್ಲಿ ಚೂರಿ, ಸಣ್ಣ ಇಕ್ಕಳ, ನಾಲ್ಕು ಹೊಸ ರೀಡು ಇದ್ದವು. ಮನೆ ಗಿರಣಿಯ ಹಿಂದೆಯೇ ಇತ್ತು. ನನ್ನನ್ನು ಕಂಡು ಶರಣಪ್ಪ ಗಿರಣಿ ನಿಲ್ಲಿಸಿದರು. ಜೋಳದ ಡಬ್ಬಿ ಹಿಡಿದು ನಿಂತಿದ್ದ ಹೆಂಗಸರಿಗೆ ಸಂಜೆ ಬರಲು ಹೇಳಿದರು. ಕುಳಿತುಕೊಳ್ಳಿ ಎಂದು ನನಗೆ ಹೇಳಲಿಲ್ಲ.

"ಖರೇ ಹೇಳ್ರಿ. ನಿಮ್ಮ ಸಾಹೇಬ್ರು ಕೊಡ್ರಿ ಅಂದಿದ್ರು, ನಾ ಒಲ್ಲೆ ಅಂದೆ. ಬದಲಿ ಮಾಡ್ಯಾರೇನು?"

ಪೇಟಿಯನ್ನು ಅಂಗಳದ ಬೆಳಕಿಗೆ ತಂದು, ಮನೆಗಳನ್ನು ಎತ್ತಿ, ಒಳಗಿನ ಹೆಸರು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. "ಅಕ್ಕಂದs ಅಕ್ಷರ," ಎಂದರು. ಆಮೇಲೆ ಕೆಳಗಿನ ಮಸುಕು ಸಾಲನ್ನೂ ಓದಿದರು, ನಿಧಾನವಾಗಿ, ಶಾಲೆಯ ಮಕ್ಕಳು ಓದುವ ಹಾಗೆ. "ಗ ನಾನೇ ಇಳಿಸಿದ್ದು. ಯಾರೂ ಮುಟ್ಟಬಾರದು." ಓದಿ ನನ್ನ ಕಡೆ ನೋಡಿದರು. "ಗ ಅಂದ್ರ ಏನ್ರಿ?"

ಆ ಸಾಲನ್ನು ನಾನು ಆಗ ಮೊದಲ ಸಲ ಓದಿದೆ.

ಒಳಗೆ ಚಂದ್ರಮ್ಮ ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದರು. ಕೂದಲು ಸಣ್ಣದಾಗಿ ಕತ್ತರಿಸಿದ್ದರು. ಕಾಲಸಪ್ಪಳಕ್ಕೆ ಮುಖ ತಿರುಗಿಸಿದರು.

"ಯಾರೋ ಶರಣ್ಯಾ?"

"ಪೇಟಿ ಮಾಡಿದಾಕಿ ಅಕ್ಕ, ಕಲಬುರಗಿಯಿಂದ."

"ನಂದು ತಂದಾಳೇನು?"

ಶರಣಪ್ಪ ಅವರ ಬಲಗೈಯನ್ನು ಪೇಟಿಯ ಅಂಚಿಗೆ ಇಟ್ಟರು. ಬೆರಳು ಮೂಲೆಗೆ ಹೋಗಿ ಒಂದು ಸುಟ್ಟ ಗುರುತಿನ ಮೇಲೆ ನಿಂತಿತು. "ಕಟ್ಟಿಗಿ ನಂದು," ಎಂದರು. "ಧ್ವನಿ ಯಾರದೋ."

"ಗಂಧಾರ ನಾನs ಏರಿಸೀನ್ರಿ ಅಮ್ಮಾ. ಇಳದದ ಅಂತ ತಿಳ್ಕೊಂಡೆ."

"ಇಳದಿದ್ದಿಲ್ಲ. ಇಳಿಸಿದ್ದೆ." ಬೆರಳು ಗಂಧಾರದ ಮನೆಯನ್ನು ಹುಡುಕಿತು. "ಅಳೂ ಹಾಡಿಗಿ ಮಾಡ್ಕೊಂಡಿದ್ದೆ. ಮಗ ಸತ್ತ ತಾಯಿ ಪಾರ್ಟು ನಂದು. ಈಗ ನೋಡು, ಹೆಣದ ಮುಂದ ನಿಂತು ಹಲ್ಲು ಕಿಸೀತದ ಅದು."

ಎಷ್ಟು ಇಳಿಸಿದ್ದಿರಿ ಎಂದು ಕೇಳಿದೆ. ಕೇಳುವಾಗಲೇ ಅದು ನನ್ನ ಪುಸ್ತಕದಲ್ಲಿರಬೇಕಾಗಿದ್ದ ಅಂಕಿ ಎಂದು ಗೊತ್ತಿತ್ತು.

"ಎಷ್ಟು ಅಂದ್ರ? ಬೇಕಾದಷ್ಟು."

ಫೋನನ್ನು ಚೀಲದಲ್ಲಿಟ್ಟೆ. ರೀಡು ತೆಗೆದು ಬುಡದಲ್ಲಿ ಕೆರೆದೆ, ಮತ್ತೆ ಕೂರಿಸಿದೆ. ಶರಣಪ್ಪ ತಿದಿ ಹಾಕಿದರು. ಚಂದ್ರಮ್ಮ ಬಲಗೈಯಿಂದ ಷಡ್ಜ ಹಿಡಿದು, ಆಮೇಲೆ ಗಂಧಾರದ ಮೇಲೆ ಬೆರಳಿಟ್ಟರು.

"ಇನ್ನಾ."

ಮತ್ತೆ ತೆಗೆದು ಕೆರೆದೆ.

"ಇನ್ನಾ ಅದ."

ನಾಲ್ಕನೆಯ ಸಲ ಅವರು ಬೆರಳು ತೆಗೆಯಲಿಲ್ಲ. ಸ್ವರ ಹಾಗೆಯೇ ಹರಿಯಿತು. ಅವರ ತುಟಿ ಅಲುಗಿತು, ಸ್ವರದ ಅಡಿಯಲ್ಲಿ ಎಳೆಯಷ್ಟು ದನಿ ಕೇಳಿಸಿತು. ಶರಣಪ್ಪ ತಿದಿ ಹಾಕುತ್ತಲೇ ತಲೆ ತಗ್ಗಿಸಿದರು. ಎರಡು ವರ್ಷದಿಂದ ಆಕೆ ಹಾಡಿರಲಿಲ್ಲ ಎಂದು ಆಮೇಲೆ ಹೇಳಿದರು.

"ಹತ್ರ ಬಂದದ," ಎಂದರು ಚಂದ್ರಮ್ಮ. "ಕೂದಲೆಳಿ ಅಷ್ಟು ಅದ ಇನ್ನಾ."

ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಮೊದಲು ತುದಿಯಲ್ಲಿ ಕೆರೆದು, ಈಗ ಬುಡದಲ್ಲಿ ನಾಲ್ಕು ಸಲ ಕೆರೆದ ಹಳೆಯ ಹಿತ್ತಾಳೆ. ಬುಡದ ಹತ್ತಿರ ಅದು ಎಷ್ಟು ತೆಳುವಾಗಿದೆ ಎಂದು ನನ್ನ ಬೆರಳಿಗೆ ಗೊತ್ತಿತ್ತು. ಆದರೆ ಕೂದಲೆಳೆಯಷ್ಟು ತಪ್ಪನ್ನು ಹಾಗೆಯೇ ಬಿಟ್ಟು ಗೊತ್ತಿದ್ದವಳಲ್ಲ ನಾನು. ಐದನೆಯ ಸಲ ಚೂರಿ ಇಟ್ಟೆ, ಕೂರಿಸಿದೆ, ಅವರು ಬೆರಳು ಊರಿದರು. ಅರೆಕ್ಷಣ ಸ್ವರ ಬಂತು. ಆಮೇಲೆ ಉಗುರು ಮುರಿದಷ್ಟು ಸಣ್ಣ ಸಪ್ಪಳ.

"ಮುರೀತೇನು?"

"ಹೌದ್ರಿ."

ಅವರು ಪೇಟಿಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಶರಣಪ್ಪನವರಿಗೆ ತಿಳಿದಿರಲಿಲ್ಲ, ಇನ್ನೂ ತಿದಿ ಹಾಕುತ್ತಿದ್ದರು. ಬರಿ ಗಾಳಿ ಬರುತ್ತಿತ್ತು. ಹೊಸ ರೀಡು ಹಾಕಿ ಕೂಡಿಸಿಕೊಡುತ್ತೇನೆ ಎಂದೆ.

"ಬ್ಯಾಡ. ಮುಚ್ಚು," ಎಂದರು ಚಂದ್ರಮ್ಮ. ನನಗೆ ಅವರು ಆಡಿದ ಕೊನೆಯ ಮಾತು ಅದು.

ಹದಿನೈದು ದಿನದ ನಂತರ ಶರಣಪ್ಪ ಪೇಟಿಯನ್ನು ಅದೇ ಕೌದಿಯಲ್ಲಿ ಸುತ್ತಿ ಶಾಲೆಗೆ ತಂದರು. "ಮನ್ಯಾಗ ಇಡಬ್ಯಾಡ ಅಂದಾಳ್ರಿ ಅಕ್ಕ. ಇಟ್ಕೊಳ್ರಿ. ಯಾರ ಹೆಸರು ಬೇಕಾದ್ರ ಹಾಕ್ಕೊಳ್ರಿ." ಬದಲಿ ಪೇಟಿಯನ್ನು ಅವರು ಒಯ್ಯಲಿಲ್ಲ.

ಫಲಕದ ಮೇಲೆ ಚಂದ್ರಮ್ಮನ ಹೆಸರಿರಬೇಕು ಎಂದು ನಾನು ದೇಶಪಾಂಡೆ ಸರ್ ಮುಂದೆ ಕೂತು ಹೇಳಿದೆ. ಪಂಡಿತರು ಬಾರಿಸಿದ್ದು ಒಂದು ಸಂಜೆ, ಆಕೆ ಬಾರಿಸಿದ್ದು ಒಂದು ಜೀವಮಾನ ಎಂದೆ. ಅವರು ಸಿಟ್ಟಾಗಲಿಲ್ಲ. ಪೂರ್ತಿ ಕೇಳಿದರು.

"ಚಂದ್ರಮ್ಮ ಅಂದ್ರ ಯಾರು ಅಂತ ಹುಡುಗರು ಕೇಳ್ತಾರ. ಏನ್ ಹೇಳೂದು? ಪಂಡಿತರ ಹೆಸರಿದ್ರ ಕೈ ಮುಗೀತಾರ, ಪೇಟಿ ಉಳೀತದ. ಇಲ್ಲಾಂದ್ರ ಹಳೀ ಸಾಮಾನಾಗಿ ಮೂಲಿಗಿ ಬೀಳ್ತದ. ಆಕಿ ಪೇಟಿನs ನಾ ಉಳಿಸ್ಲಾಕತ್ತೀನಿ, ವಿಚಾರ ಮಾಡ್ರಿ."

ನಾನು ಮತ್ತೆ ಅದನ್ನೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ನೀವs ಹೇಳ್ರಿ. ತಿದಿ ಹೊಸದು. ಆಕಿ ಗಂಧಾರ ನೀವು ತೆಗೆದ್ರಿ. ಈಗ ಆ ಪೇಟ್ಯಾಗ ಆ ಯವ್ವಂದು ಏನು ಉಳದದ?"

ಕುಹಕದ ಮಾತಲ್ಲ, ನಿಜವಾಗಿಯೇ ಕೇಳಿದರು. ಆ ಗಂಧಾರ ಮುರಿಯದ ಬೇರೆ ಯಾರೇ ನನ್ನ ಕುರ್ಚಿಯಲ್ಲಿ ಕೂತಿದ್ದರೂ ಉತ್ತರ ಕೊಡುತ್ತಿದ್ದರು.

ಪಂಡಿತರ ಹೆಸರಿನ ಫಲಕ ಇಡುವ ದಿನ ಶರಣಪ್ಪನವರನ್ನು ಕರೆದಿದ್ದರು. ಬಂದು ಹಿಂದಿನ ಸಾಲಿನಲ್ಲಿ ಕೂತರು. ಪಂಡಿತರು ಆ ದಿನ ಹೇಗೆ ಬಾರಿಸಿದರು ಎಂದು ಎರಡು ಮಾತು ಹೇಳಬೇಕು ಎಂದಾಗ ಎದ್ದು ನಿಂತರು. "ಒಂದು ತಾಸು ಬಾರಿಸಿದ್ರು. ಗಂಧಾರ ತಪ್ಪದ ಅಂದ್ರಂತ, ಬಿಟ್ಟು ಬಾರಿಸಿದ್ರಂತ. ಅಕ್ಕ ಹೇಳ್ತಿದ್ಲು," ಎಂದು ಕೂತುಬಿಟ್ಟರು. ಮುಂದಿನ ಸಾಲಿನವರು ನಕ್ಕರು. ಆ ಸ್ವರವಿಲ್ಲದ ರಾಗವನ್ನೇ ಪಂಡಿತರು ಆರಿಸಿಕೊಂಡಿರಬೇಕು. ಅವರಿಗೂ ಅದು ತಪ್ಪೆಂದೇ ಕೇಳಿಸಿತು, ಆದರೆ ಅವರು ಅದನ್ನು ಮುಟ್ಟಲಿಲ್ಲ.

ಹೊರಡುವಾಗ ಶರಣಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದರು. ಅಕ್ಕ ಹೋಗಿ ಇಪ್ಪತ್ತು ದಿನವಾಯಿತು ಎಂದರು. ಆಮೇಲೆ, "ಒಳಗಿನ ಹೆಸರು ಅದ ಏನ್ರಿ?" ಎಂದು ಕೇಳಿದರು.

"ಅದರಿ."

ತಲೆಯಾಡಿಸಿ ಬಸ್ಸಿಗೆ ಹೋದರು. ಈ ಸಲ ಅವರು ನನ್ನನ್ನು ತಂಗಿ ಎನ್ನಲಿಲ್ಲ.

ಹೊಸ ರೀಡು ಹಾಕಿದವಳು ನಾನೇ. ಅದು ಮುಳ್ಳಿನ ನಡುವೆ ನಿಲ್ಲುತ್ತದೆ, ಪಂಡಿತರ ಪೇಟಿಗೆ ತಕ್ಕ ಹಾಗೆ. ಚಂದ್ರಮ್ಮನ ಎರಡು ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ನನ್ನ ಹೆಸರು, ಕಲಬುರಗಿ ಎಂದು ಬರೆದು, ರೂಢಿಯಂತೆ ಕೆಲಸವನ್ನೂ ಬರೆದಿದ್ದೇನೆ: 'ಆಕೆಯ ಗ ಮುರಿದದ್ದು ನಾನು. ಈಗಿನದು ಆಕೆಯದಲ್ಲ.'

ವಾದ್ಯಗಳಿಗೆ ದೊಡ್ಡವರ ಹೆಸರಿಡಬೇಕೆ ಎಂದು ಮುಂದೆ ಯಾರಾದರೂ ನಿನ್ನನ್ನು ಕೇಳಬಹುದು. ನಿನಗೆ ತೋಚಿದ್ದನ್ನು ಹೇಳು. ಇಡುವವರು ಇಟ್ಟೇ ಇಡುತ್ತಾರೆ. ನೀನು ಕೇಳಿದ್ದಕ್ಕೆ ಉತ್ತರ: ಹಿತ್ತಾಳೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕು, ಒಣ ಬಟ್ಟೆಯಲ್ಲಿ ಒರೆಸು, ಹೊಳೆಯುತ್ತದೆ. ಒಳಗಿನ ಹಲಗೆಗೆ ಮಾತ್ರ ಒದ್ದೆ ಬಟ್ಟೆ ತಾಗಿಸಬೇಡ. ಅದರ ಮೇಲಿರುವುದು ಪೆನ್ಸಿಲ್ಲಿನ ಬರಹ, ಒಮ್ಮೆ ಒರೆಸಿದರೆ ಹೋಗುತ್ತದೆ.